ನಟರು ಹುಟ್ಟಿಸಿದ ಮಾತು ಯಾರದ್ದು? ಒಂದು ವ್ಯಾಂಪೈರ್ ಕಾಮಿಡಿಯ ಜಗಳಕ್ಕೆ ಉತ್ತರ

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಸೇರಿ ಸಣ್ಣ ಬಜೆಟ್‌ನ ಒಂದು ವ್ಯಾಂಪೈರ್ ಕಾಮಿಡಿ ಬರೆದೆವು. ನೂರಾರು ವರ್ಷ ಬದುಕಿದ ರಕ್ತಪಿಶಾಚಿಯೊಬ್ಬನ ಹಲ್ಲು ಅಲ್ಲಾಡಲು ಶುರುವಾಗುತ್ತದೆ. ರಾತ್ರಿ ಮಾತ್ರ ಬರಬಲ್ಲ ಈ ರೋಗಿಗೆ ಒಬ್ಬ ಹಲ್ಲಿನ ಡಾಕ್ಟರು ಚಿಕಿತ್ಸೆ ಕೊಡಬೇಕು. ಸಿನಿಮಾದ ಮುಕ್ಕಾಲು ಪಾಲು ಒಂದೇ ಕ್ಲಿನಿಕ್‌ನಲ್ಲಿ ನಡೆಯುತ್ತದೆ. ನಟರೆಲ್ಲ ಗೆಳೆಯರೇ. ಯಾರಿಗೂ ಸಂಬಳ ಕೊಟ್ಟಿಲ್ಲ. ಲಾಭ ಬಂದರೆ ಪಾಲು ಕೊಡುತ್ತೇವೆ ಅಂತ ಬಾಯಿಮಾತಲ್ಲಿ ಹೇಳಿದ್ದೆವು. ರಿಹರ್ಸಲ್‌ನಲ್ಲಿ ಎಲ್ಲರೂ ಮಾತು ಸೇರಿಸುತ್ತಾ ಹೋದರು. ವ್ಯಾಂಪೈರ್ ಪಾತ್ರ ಮಾಡಿದವನು ತನ್ನ ಡೈಲಾಗ್‌ಗಳಲ್ಲಿ ಅರ್ಧದಷ್ಟನ್ನು ತಾನೇ ಹುಟ್ಟಿಸಿದ. ನರ್ಸ್ ಪಾತ್ರದ ಗೆಳತಿ ಒಂದು ದಿನ ಹೊಸ ಸನ್ನಿವೇಶವೊಂದನ್ನು ಆಡಿ ತೋರಿಸಿದಳು. ಕಿತ್ತ ಹಲ್ಲನ್ನು ನರ್ಸ್ ಕದ್ದು ಇಟ್ಟುಕೊಳ್ಳುವ ದೃಶ್ಯ ಅದು. ಅದು ಎಷ್ಟು ಹಿಡಿಸಿತೆಂದರೆ ಕ್ಲೈಮ್ಯಾಕ್ಸನ್ನೇ ಅದಕ್ಕೆ ತಕ್ಕಂತೆ ಬದಲಾಯಿಸಿದೆವು. ಈಗ ಎಡಿಟಿಂಗ್ ಮುಗಿಯುತ್ತಾ ಬಂದಿದೆ. ಇಬ್ಬರೂ ಬರಹಗಾರರ ಪಟ್ಟಿಯಲ್ಲಿ ತಮ್ಮ ಹೆಸರು ಬರಬೇಕು ಎನ್ನುತ್ತಿದ್ದಾರೆ. ಕೃತಕ ಹಲ್ಲಿನಿಂದಾಗಿ ಮುಖ್ಯ ನಟನ ಎಷ್ಟೋ ಮಾತು ಸ್ಪಷ್ಟವಾಗಿಲ್ಲ, ಡಬ್ಬಿಂಗ್ ಬೇಕೇ ಬೇಕು. ಹೆಸರಿನ ವಿಷಯ ಇತ್ಯರ್ಥ ಆಗುವವರೆಗೆ ಬರುವುದಿಲ್ಲ ಎಂದು ಅವನು ಕೂತಿದ್ದಾನೆ. ನಟ ಆಡಿದ ಮಾತು ನಟನದ್ದೇ ಎಂದು ಒಬ್ಬರು, ಪೆನ್ನು ಹಿಡಿದವನದ್ದೇ ಎಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಒಬ್ಬ ವಿತರಕರು ಆಸಕ್ತಿ ತೋರಿಸಿ ಹಕ್ಕಿನ ಕಾಗದ ಕೇಳಿದ್ದಾರೆ. ನಮ್ಮ ಹತ್ತಿರ ಒಂದೂ ಇಲ್ಲ. ಇನ್ನೊಂದು ವಿಷಯ: ನಮ್ಮ ಪಾತ್ರ ತನ್ನನ್ನು ಡ್ರಾಕುಲಾ ಎಂದು ಪರಿಚಯಿಸಿಕೊಳ್ಳುತ್ತಾನೆ, ಕರಿ ನಿಲುವಂಗಿ ತೊಡುತ್ತಾನೆ. ಇದಕ್ಕೆ ಯಾರ ಅನುಮತಿಯಾದರೂ ಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ವಿಷಯಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಟೈಟಲ್ ಕಾರ್ಡ್‌ನಲ್ಲಿ ಯಾರ ಹೆಸರು, ಬರಹದ ಹಕ್ಕು ಯಾರದ್ದು, ಹಣದಲ್ಲಿ ಯಾರಿಗೆಷ್ಟು, ಡ್ರಾಕುಲಾ ಹೆಸರು ಬಳಸಬಹುದೇ ಎಂಬ ನಾಲ್ಕು. ಮೊದಲ ಮೂರನ್ನು ನೀವೆಲ್ಲ ಒಂದೇ ಎಂದುಕೊಂಡು ಜಗಳವಾಡುತ್ತಿದ್ದೀರಿ. ಅವು ಬೇರೆ ಬೇರೆ. ಹೆಸರು ಕೊಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಹಕ್ಕು ಬರೆಸಿಕೊಂಡ ಮಾತ್ರಕ್ಕೆ ಹಣ ಕೊಡದೆ ಇರಬಹುದು ಅಂತಲೂ ಅಲ್ಲ. ಇದನ್ನು ಬಿಡಿಸಿ ಇಟ್ಟರೆ ಜಗಳದ ಅರ್ಧ ಬಿಸಿ ಅಲ್ಲೇ ಇಳಿಯುತ್ತದೆ. ಸಣ್ಣ ಬಜೆಟ್ ಚಿತ್ರಗಳ ಚಿತ್ರಕಥೆ ತಿದ್ದುವುದು, ಅವುಗಳ ಒಪ್ಪಂದ ಕೂಡಿಸುವುದು ನನ್ನ ಕೆಲಸ. ನಿಮ್ಮದರಂಥ ಜಗಳ ಈ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ನಿಮ್ಮದು ಇನ್ನೂ ಸರಿಹೋಗುವ ಹಂತದಲ್ಲಿದೆ. ಸಿನಿಮಾ ಬಿಡುಗಡೆಯಾಗಿಲ್ಲ, ಹಣ ಬಂದಿಲ್ಲ, ಎಲ್ಲರೂ ಇನ್ನೂ ಮಾತಾಡುತ್ತಿದ್ದಾರೆ. ಈ ಮೂರೂ ಇರುವಾಗಲೇ ಕಾಗದ ಮಾಡಿಕೊಳ್ಳಬೇಕು.

ಮೊದಲು ಈ ಜಗಳ ಯಾಕೆ ಬಂತು ನೋಡೋಣ. ಯಾರೂ ದುರಾಸೆಯಿಂದ ಮಾಡಿದ್ದಲ್ಲ. ದುಡ್ಡು ಕಡಿಮೆ ಇದ್ದಾಗ ಸಿನಿಮಾಕ್ಕೆ ಜಾಗ ಕಡಿಮೆ, ಗ್ರಾಫಿಕ್ಸ್ ಕಡಿಮೆ, ಶೂಟಿಂಗ್ ದಿನ ಕಡಿಮೆ. ಉಳಿಯುವುದು ನಟರ ಮುಖ ಮತ್ತು ಮಾತು. ಅದೇ ಚಿತ್ರವನ್ನು ಹೊರಬೇಕು. ಸಂಬಳವಿಲ್ಲದ ಗೆಳೆಯರನ್ನು ಹಾಕಿಕೊಂಡರೆ ರಿಹರ್ಸಲ್‌ಗೆ ಸಮಯ ಜಾಸ್ತಿ ಸಿಗುತ್ತದೆ. ರಿಹರ್ಸಲ್ ಜಾಸ್ತಿಯಾದಷ್ಟೂ ನಟರು ಪಾತ್ರದ ಒಳಗೆ ಹೋಗಿ ಅಲ್ಲಿಂದ ಮಾತು ತರುತ್ತಾರೆ. ವ್ಯಾಂಪೈರ್ ಕಾಮಿಡಿಯಲ್ಲಿ ಇದು ಇನ್ನೂ ಹೆಚ್ಚು. ರಕ್ತ ಕುಡಿಯುತ್ತಾನೆ, ಕನ್ನಡಿಯಲ್ಲಿ ಕಾಣುವುದಿಲ್ಲ, ಬಿಸಿಲಿಗೆ ಬರುವುದಿಲ್ಲ, ಕರೆಯದೆ ಮನೆಯೊಳಗೆ ಕಾಲಿಡುವುದಿಲ್ಲ. ಈ ನಿಯಮಗಳು ನೋಡುವವರಿಗೆ ಮೊದಲೇ ಗೊತ್ತು. ವಿವರಿಸುವ ಗೋಜಿಲ್ಲ. ಹಾಗಾಗಿ ನಗು ಬರುವುದು ಕಥೆಯ ತಿರುವಿಗಿಂತ ಇಂಥವನು ದಿನನಿತ್ಯದ ಕೆಲಸಕ್ಕೆ ಸಿಕ್ಕಿಬಿದ್ದಾಗ ಏನು ಮಾತಾಡುತ್ತಾನೆ ಎಂಬುದರಿಂದ. ನಿಮ್ಮ ವ್ಯಾಂಪೈರ್ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾನೆ ಎಂದ ಕೂಡಲೇ ನಟನಿಗೆ ಹತ್ತು ಮಾತು ಹೊಳೆಯುತ್ತದೆ. ಆ ಸನ್ನಿವೇಶ ಹೊಳೆದದ್ದು ನಿಮಗೆ. ಅದರೊಳಗಿನ ಮಾತು ಅವನಿಗೆ. ಇಬ್ಬರ ಹೆಮ್ಮೆಯೂ ನ್ಯಾಯವಾದದ್ದೇ.

ಈ ದಾರಿಯಲ್ಲಿ ಹೋದ ಅತ್ಯಂತ ಹೆಸರಾದ ಚಿತ್ರ ನ್ಯೂಜಿಲೆಂಡಿನ 'ವಾಟ್ ವಿ ಡೂ ಇನ್ ದ ಶಾಡೋಸ್'. 2005ರ ಒಂದು ಕಿರುಚಿತ್ರದಿಂದ ಬೆಳೆದು 2014ರಲ್ಲಿ ಪೂರ್ತಿ ಸಿನಿಮಾ ಆಯಿತು. ಬರೆದು ನಿರ್ದೇಶಿಸಿದವರು ಜೆಮೈನ್ ಕ್ಲೆಮೆಂಟ್ ಮತ್ತು ತೈಕಾ ವೈಟೀಟಿ. ಮುಖ್ಯ ಪಾತ್ರಗಳಲ್ಲೂ ಅವರೇ ಇದ್ದಾರೆ. ಬಜೆಟ್ ಸುಮಾರು 16 ಲಕ್ಷ ಅಮೆರಿಕನ್ ಡಾಲರ್ ಎಂದು ವರದಿಯಾಗಿದೆ. ಸಿನಿಮಾ ಲೋಕದಲ್ಲಿ ಅದು ಸಣ್ಣ ಮೊತ್ತವೇ. ಸ್ಕ್ರಿಪ್ಟ್ ಪೂರ್ತಿ ಬರೆದಿದ್ದರು, ಆದರೆ ನಟರಿಗೆ ತೋರಿಸಲಿಲ್ಲ. ದೃಶ್ಯ ಏನು ಎಂದು ಹೇಳಿ, ಮಾತನ್ನು ನಟರಿಂದಲೇ ಹೊರಡಿಸಿದರು. ನೂರು ಗಂಟೆಗೂ ಜಾಸ್ತಿ ದೃಶ್ಯ ಸೇರಿಕೊಂಡಿತು. ಅದನ್ನು ಒಂದೂವರೆ ಗಂಟೆಗೆ ಇಳಿಸಬೇಕಾಯಿತು. ಟೈಟಲ್‌ನಲ್ಲಿ ಬರಹಗಾರರು ಎಂದು ಬಂದದ್ದು ಅವರಿಬ್ಬರ ಹೆಸರು ಮಾತ್ರ.

ಇದನ್ನು ಕೇಳಿ ನಿಮ್ಮ ಗೆಳೆಯ ಹಿಗ್ಗಬಹುದು. 'ನೋಡು, ಅಲ್ಲೂ ನಟರಿಗೆ ಕೊಟ್ಟಿಲ್ಲ' ಎನ್ನಬಹುದು. ನಿಲ್ಲಿ. ಅದೇ ಬಗೆಯ ಇನ್ನೊಂದು ಚಿತ್ರ ನೋಡಿ. 1984ರ 'ದಿಸ್ ಈಸ್ ಸ್ಪೈನಲ್ ಟ್ಯಾಪ್'. ವ್ಯಾಂಪೈರ್ ಕಥೆಯಲ್ಲ, ಒಂದು ಸುಳ್ಳು ಸಂಗೀತ ತಂಡದ ಮೇಲೆ ಸಾಕ್ಷ್ಯಚಿತ್ರದ ಸೋಗಿನ ಕಾಮಿಡಿ. ಅದರ ಮಾತುಗಳಲ್ಲಿ ಬಹುಪಾಲು ನಟರೇ ಸ್ಥಳದಲ್ಲಿ ಹುಟ್ಟಿಸಿದ್ದು. ಅಲ್ಲಿ ಮೂವರು ಮುಖ್ಯ ನಟರಾದ ಕ್ರಿಸ್ಟೋಫರ್ ಗೆಸ್ಟ್, ಮೈಕಲ್ ಮಕೀನ್, ಹ್ಯಾರಿ ಶಿಯರರ್ ಮತ್ತು ನಿರ್ದೇಶಕ ರಾಬ್ ರೈನರ್, ನಾಲ್ವರೂ ಬರಹಗಾರರು. ಬ್ರಿಟನ್ನಿನ ನಿರ್ದೇಶಕ ಮೈಕ್ ಲೀ ಇನ್ನೊಂದು ತುದಿ. ನಟರ ಜೊತೆ ತಿಂಗಳುಗಟ್ಟಲೆ ಕೂತು, ಅವರು ಆಡಿದ್ದರಿಂದಲೇ ಚಿತ್ರಕಥೆ ಕಟ್ಟುತ್ತಾರೆ. ಬರಹಗಾರ ಎಂದು ಬರುವುದು ಅವರೊಬ್ಬರ ಹೆಸರೇ. ಅಮೆರಿಕದ ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಅವರ ಎರಡು ಚಿತ್ರಗಳು ಇನ್ನೂ ಕುತೂಹಲದವು. 1995ರ 'ಬಿಫೋರ್ ಸನ್‌ರೈಸ್'ನಲ್ಲಿ ನಟರಾದ ಈಥನ್ ಹಾಕ್ ಮತ್ತು ಜೂಲಿ ಡೆಲ್ಪಿಗೆ ಬರಹದ ಹೆಸರು ಇರಲಿಲ್ಲ. 2004ರ 'ಬಿಫೋರ್ ಸನ್‌ಸೆಟ್'ನಲ್ಲಿ ಇಬ್ಬರೂ ನಿರ್ದೇಶಕರ ಜೊತೆ ಚಿತ್ರಕಥೆಗಾರರು. ಆಸ್ಕರ್ ನಾಮನಿರ್ದೇಶನವೂ ಮೂವರಿಗೂ ಸೇರಿಯೇ ಬಂತು.

ಹಾಗಾದರೆ ಉದ್ಯಮದಲ್ಲಿ ಒಂದೇ ಪದ್ಧತಿ ಅಂತ ಇಲ್ಲ. ಯಾರು ಯಾವುದಕ್ಕೆ ಒಪ್ಪಿದ್ದರು ಎಂಬುದೇ ಮುಖ್ಯ. ನಿಮ್ಮಲ್ಲಿ ಕೊರತೆಯಾದದ್ದು ಅದೇ. ಯಾರೂ ಯಾರನ್ನೂ ಕೇಳಲಿಲ್ಲ.

ಈಗ ನಿಮಗೆ ಇಬ್ಬರು ಹೇಳಿದ ಎರಡು ಮಾತಿಗೆ ಬರೋಣ. ಎರಡೂ ತಪ್ಪು.

'ನಟ ಆಡಿದ ಮಾತು ನಟನದ್ದೇ.' ಹಾಗೆ ತಾನಾಗಿ ಆಗುವುದಿಲ್ಲ. ಅಮೆರಿಕದಲ್ಲಿ 1992ರ 'ಮಾಲ್ಕಂ ಎಕ್ಸ್' ಚಿತ್ರದ ಮೇಲೆ ಒಂದು ಪ್ರಕರಣ ನಡೆಯಿತು. ಚಿತ್ರಕ್ಕೆ ಸಲಹೆಗಾರರಾಗಿದ್ದ ಒಬ್ಬರು ಸ್ಕ್ರಿಪ್ಟ್ ತಿದ್ದಿದ್ದರು, ಹೊಸ ದೃಶ್ಯಗಳನ್ನೂ ಕೊಟ್ಟಿದ್ದರು. ಬರಹದಲ್ಲಿ ಒಪ್ಪಂದ ಇರಲಿಲ್ಲ. ತಾನೂ ಸಹಲೇಖಕ ಎಂದು ಕೋರ್ಟಿಗೆ ಹೋದರು. ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಒಪ್ಪಲಿಲ್ಲ. ಕೊಡುಗೆ ಬೆಲೆಯುಳ್ಳದ್ದೇ, ಆದರೆ ಕೃತಿಯ ಮೇಲೆ ಅವರಿಗೆ ಹಿಡಿತ ಇರಲಿಲ್ಲ, ಇಬ್ಬರೂ ಸೇರಿ ಲೇಖಕರಾಗೋಣ ಎಂಬ ಉದ್ದೇಶ ಎರಡೂ ಕಡೆ ಇರಲಿಲ್ಲ ಎಂದಿತು. ಒಳ್ಳೆಯ ದೃಶ್ಯ ಕೊಟ್ಟವರೆಲ್ಲ ಲೇಖಕರಾಗುವುದಿಲ್ಲ ಎಂಬುದು ಅಲ್ಲಿನ ನಿಲುವು.

'ಪೆನ್ನು ಹಿಡಿದವನದ್ದೇ ಎಲ್ಲ.' ಇದೂ ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ 2016ರ 'ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್' ಚಿತ್ರಕಥೆಯ ಮೇಲೆ ಇಂಥದ್ದೇ ಜಗಳ ಬಂತು. ಟೈಪ್ ಮಾಡಿದ್ದು ಒಬ್ಬ ಚಿತ್ರಕಥೆಗಾರ. ಆ ಹೊತ್ತಿಗೆ ಅವರ ಸಂಗಾತಿಯಾಗಿದ್ದ ಗಾಯಕಿ ಕಥೆ, ಪಾತ್ರ, ಸಂಗೀತದ ವಿಷಯ ಕೂತು ಬೆಳೆಸಿದ್ದರು. ಮೊದಲ ತೀರ್ಪು ಚಿತ್ರಕಥೆಗಾರನ ಪರ ಬಂತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಬರೆದ ಕೈ ಯಾರದ್ದು ಎಂದಷ್ಟೇ ಕೇಳಿದರೆ ಸಾಲದು ಎಂದು ಹೇಳಿ ಮರುವಿಚಾರಣೆಗೆ ಕಳಿಸಿತು. 2021ರಲ್ಲಿ ಆ ಗಾಯಕಿ ಸಹಲೇಖಕಿ, ಅವರ ಪಾಲು 20 ಶೇಕಡಾ ಎಂದು ತೀರ್ಪಾಯಿತು. ಆ ಹೊತ್ತಿಗೆ ಚಿತ್ರ ಬಂದು ಹೋಗಿ ವರ್ಷಗಳೇ ಆಗಿದ್ದವು.

ಒಂದೇ ಬಗೆಯ ಜಗಳಕ್ಕೆ ಎರಡು ದೇಶದಲ್ಲಿ ಎರಡು ಉತ್ತರ. ನಿಮ್ಮ ವಿಷಯ ಕೋರ್ಟಿಗೆ ಹೋದರೆ ಏನಾಗುತ್ತದೆ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ವಿತರಕರು ಕಾಗದ ಕೇಳುತ್ತಿರುವುದೂ ಇದೇ ಕಾರಣಕ್ಕೆ. ಅವರಿಗೆ ನಿಮ್ಮ ಮೇಲೆ ಅನುಮಾನ ಅಂತಲ್ಲ. ನಾಳೆ ಯಾರೋ ಬಂದು ಇದರಲ್ಲಿ ನನ್ನ ಪಾಲಿದೆ ಎಂದರೆ ಸಿನಿಮಾ ನಿಲ್ಲುತ್ತದೆ, ಅವರ ಹಣವೂ ಅದರೊಂದಿಗೆ ನಿಲ್ಲುತ್ತದೆ. ಬರೆದವರಿಂದ ನಿರ್ಮಾಪಕರಿಗೆ, ನಿರ್ಮಾಪಕರಿಂದ ವಿತರಕರಿಗೆ ಹಕ್ಕು ಹೇಗೆ ಬಂತು ಎಂಬುದಕ್ಕೆ ಒಂದೊಂದು ಹಂತದಲ್ಲೂ ಸಹಿ ಬೇಕು. ನಡುವೆ ಒಂದು ಕೊಂಡಿ ಇಲ್ಲದಿದ್ದರೂ ಅವರ ವಕೀಲರು ಫೈಲ್ ವಾಪಸ್ ಕಳಿಸುತ್ತಾರೆ.

ಇಲ್ಲಿ ನೀವೂ ನಿಮ್ಮ ಗೆಳೆಯನೂ ಒಂದು ವಿಷಯ ಗಮನಿಸಬೇಕು. ನಿಮ್ಮಿಬ್ಬರ ನಡುವೆಯೂ ಕಾಗದ ಇಲ್ಲ, ಅಲ್ವಾ? ನಟರದ್ದಕ್ಕಿಂತ ಮೊದಲು ಅದನ್ನು ಮಾಡಿ.

ಇನ್ನು ನಿಮ್ಮ ಇಬ್ಬರು ನಟರು. ಅವರ ಕೊಡುಗೆ ಒಂದೇ ಥರದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಇಬ್ಬರಿಗೂ ಅನ್ಯಾಯ. ನಾನು ಇಂಥ ಸಂದರ್ಭದಲ್ಲಿ ಮಾಡಿಸುವ ಕೆಲಸ ಹೀಗಿದೆ. ಮೊದಲ ದಿನದ ರಿಹರ್ಸಲ್‌ಗೆ ಮುಂಚಿನ ಸ್ಕ್ರಿಪ್ಟ್ ತೆಗೆಯಿರಿ. ಫೈಲ್‌ನ ತಾರೀಖು ಇರುವ ಪ್ರತಿಯೇ ಆಗಬೇಕು. ಈಗಿನ ಎಡಿಟ್‌ನಿಂದ ಮಾತು, ದೃಶ್ಯ ಎಲ್ಲ ಬರೆದುಕೊಂಡು ಪಕ್ಕದಲ್ಲಿಡಿ. ಬದಲಾದ ಜಾಗಗಳಿಗೆ ಬಣ್ಣದಲ್ಲಿ ಗುರುತು ಹಾಕಿ. ಮಾತು ಬದಲಾದದ್ದಕ್ಕೆ ಒಂದು ಬಣ್ಣ. ಪಾತ್ರದ ಸ್ವಭಾವವೋ ಕಥೆಯ ದಾರಿಯೋ ಬದಲಾದದ್ದಕ್ಕೆ ಇನ್ನೊಂದು. ಈ ಕೆಲಸವನ್ನು ಬರೆದವರೂ ನಟರೂ ಒಟ್ಟಿಗೆ ಕೂತು ಮಾಡಿ. ರಿಹರ್ಸಲ್‌ನ ಮೊಬೈಲ್ ವಿಡಿಯೊ, ಗುಂಪಿನ ಚಾಟ್ ಇದ್ದರೆ ಅದನ್ನೂ ನೋಡಿ. ನೆನಪು ಎಲ್ಲರಿಗೂ ಮೋಸ ಮಾಡುತ್ತದೆ. 'ಅರ್ಧ ಡೈಲಾಗ್ ನನ್ನದೇ' ಎಂದವರ ಪಾಲು ಕಾಗದದ ಮೇಲೆ ಕಡಿಮೆ ಕಾಣುವುದುಂಟು. ಬರೆದವರು 'ಎರಡು ಸಾಲು ಸೇರಿಸಿದ ಅಷ್ಟೇ' ಎಂದದ್ದು ಪುಟಗಟ್ಟಲೆ ಬಣ್ಣವಾಗಿ ಕಾಣುವುದೂ ಉಂಟು.

ಆಮೇಲೆ ಒಂದು ಪ್ರಶ್ನೆ ಕೇಳಿ. ಈ ಬಣ್ಣದ ಭಾಗ ತೆಗೆದರೆ ಸಿನಿಮಾ ಕಡಿಮೆ ನಗಿಸುತ್ತದಾ, ಅಥವಾ ಬೇರೆಯೇ ಸಿನಿಮಾ ಆಗುತ್ತದಾ?

ನೀವು ಹೇಳಿದ ಪ್ರಕಾರ, ನರ್ಸ್ ಹಲ್ಲು ಕದಿಯುವುದನ್ನು ತೆಗೆದರೆ ಕ್ಲೈಮ್ಯಾಕ್ಸೇ ಇರುವುದಿಲ್ಲ. ಅದು ನಟನೆಯ ಸೊಗಸಷ್ಟೇ ಅಲ್ಲ, ಕಥೆ. ಕಾಗದದ ಮೇಲೆ ಅದನ್ನು ಇಳಿಸಿದ್ದು ನೀವೇ ಇರಬಹುದು. ಆದರೆ ಕದಿಯುವ ನರ್ಸ್‌ಳನ್ನು ತಂದವಳು ಅವಳು. ಅವಳಿಗೆ ಕಥೆಯಲ್ಲಿ ಹೆಸರು ಕೊಡಿ ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಬೇರೆ ಬೇರೆ ಹಾಕುವ ಅನುಕೂಲ ನಿಮಗಿದೆ. 'ಕಥೆ' ಎಂಬಲ್ಲಿ ನಿಮ್ಮಿಬ್ಬರ ಜೊತೆ ಅವಳ ಹೆಸರು, 'ಚಿತ್ರಕಥೆ' ಎಂಬಲ್ಲಿ ನಿಮ್ಮಿಬ್ಬರದ್ದು. ಇದು ನಡೆದದ್ದಕ್ಕೆ ಹತ್ತಿರವಾಗಿದೆ.

ವ್ಯಾಂಪೈರ್ ನಟನದ್ದು ಬೇರೆ. ಅವನು ಹುಟ್ಟಿಸಿದ್ದು ಮಾತು. ಆ ಮಾತುಗಳಿಲ್ಲದಿದ್ದರೂ ವ್ಯಾಂಪೈರ್ ಕ್ಲಿನಿಕ್‌ಗೆ ಬರುತ್ತಾನೆ, ಹಲ್ಲು ಕಿತ್ತು ಬರುತ್ತದೆ, ನರ್ಸ್ ಕದಿಯುತ್ತಾಳೆ. ಹಾಗೆಂದು ಅದು ಸಣ್ಣ ಕೊಡುಗೆ ಅಲ್ಲ. ಕಾಮಿಡಿಯಲ್ಲಿ ಜನ ನೆನಪಿಟ್ಟುಕೊಂಡು ಹೋಗುವುದು ಮಾತನ್ನೇ. 'ಹೆಚ್ಚುವರಿ ಸಂಭಾಷಣೆ' ಎಂದು ಅವನ ಹೆಸರು ಪ್ರತ್ಯೇಕ ಕಾರ್ಡ್‌ನಲ್ಲಿ ಬರಲಿ. ಬಣ್ಣ ಹಾಕಿ ನೋಡಿದಾಗ ನಿಜವಾಗಿಯೂ ಅರ್ಧಕ್ಕರ್ಧ ಅವನದ್ದೇ ಎಂದು ಕಂಡರೆ 'ಸಂಭಾಷಣೆ' ಎಂಬಲ್ಲೇ ನಿಮ್ಮ ಜೊತೆ ಸೇರಿಸಿ. ಆಗ ಜಿಪುಣತನ ಬೇಡ. ಒಂದೇ ಎಚ್ಚರ: ನಿಮ್ಮಲ್ಲಿ ಯಾರಾದರೂ ಬರಹಗಾರರ ಸಂಘದ ಸದಸ್ಯರಾಗಿದ್ದರೆ ಅದರ ನಿಯಮ ಮೊದಲು ಓದಿ. ಕೆಲವು ಸಂಘಗಳು ಎಷ್ಟು ಜನರ ಹೆಸರು, ಯಾವ ರೂಪದಲ್ಲಿ ಬರಬೇಕು ಎಂಬುದನ್ನು ಬಿಗಿಯಾಗಿ ಕಟ್ಟಿಹಾಕಿವೆ. ಸ್ಪೈನಲ್ ಟ್ಯಾಪ್ ತಂಡ ಎಲ್ಲ ನಟರ ಹೆಸರನ್ನೂ ಬರಹಗಾರರೆಂದು ಹಾಕಲು ಹೊರಟಾಗ ಅಮೆರಿಕದ ಬರಹಗಾರರ ಸಂಘ ತಡೆದದ್ದರಿಂದಲೇ ನಾಲ್ಕು ಹೆಸರು ಉಳಿದದ್ದು.

ಬೇರೆ ದಾರಿಗಳೂ ಇವೆ. ಇಬ್ಬರಿಗೂ ಏನೂ ಕೊಡದೆ 'ಕೃತಜ್ಞತೆ'ಯಲ್ಲಿ ಹೆಸರು ಹಾಕಿ ಮುಗಿಸಬಹುದು. ಕಾನೂನಿನಲ್ಲಿ ನೀವು ಗೆಲ್ಲಲೂಬಹುದು. ಆದರೆ ಡಬ್ಬಿಂಗ್ ನಿಲ್ಲುತ್ತದೆ, ಸಹಿ ಸಿಗುವುದಿಲ್ಲ, ಪ್ರಚಾರಕ್ಕೆ ನಟರು ಬರುವುದಿಲ್ಲ. ಸಣ್ಣ ಚಿತ್ರಕ್ಕೆ ನಟರೇ ಪ್ರಚಾರ. ಇನ್ನೊಂದು ತುದಿಯಲ್ಲಿ, ನಾಲ್ವರೂ ಸಮಾನ ಲೇಖಕರು, ಸಮಾನ ಹಕ್ಕು ಎಂದು ಬರೆದುಕೊಳ್ಳಬಹುದು. ಮನಸ್ಸಿಗೆ ಹಿತವಾದ ದಾರಿ ಇದು. ಗೆಳೆಯರು ಮೊದಲು ಇದನ್ನೇ ಹಿಡಿಯುತ್ತಾರೆ. ಇದರಲ್ಲಿರುವ ಅಪಾಯ ಆಮೇಲೆ ಗೊತ್ತಾಗುತ್ತದೆ. ಹಕ್ಕು ಜಂಟಿಯಾಗಿದ್ದರೆ ಬ್ರಿಟನ್ನಿನಂಥ ದೇಶಗಳಲ್ಲಿ ಮಾರಾಟಕ್ಕೆ, ಎರಡನೇ ಭಾಗಕ್ಕೆ, ಬೇರೆ ಭಾಷೆಯ ರೀಮೇಕ್‌ಗೆ ಎಲ್ಲರ ಒಪ್ಪಿಗೆ ಬೇಕು. ಒಬ್ಬರು ಊರು ಬಿಟ್ಟರೂ, ಮುನಿಸಿಕೊಂಡರೂ, ತೀರಿಕೊಂಡರೂ ಎಲ್ಲ ಅಲ್ಲೇ ನಿಲ್ಲುತ್ತದೆ. ಅಮೆರಿಕದಲ್ಲಿ ಇದರ ಉಲ್ಟಾ. ಒಬ್ಬ ಜಂಟಿ ಹಕ್ಕುದಾರ ಉಳಿದವರನ್ನು ಕೇಳದೆಯೇ ಬಳಕೆಗೆ ಅನುಮತಿ ಕೊಡಬಹುದು, ಬಂದ ಲಾಭದ ಲೆಕ್ಕ ಒಪ್ಪಿಸಿದರೆ ಸಾಕು. ಏಕಸ್ವಾಮ್ಯ ಬಯಸುವ ವಿತರಕರಿಗೆ ಎರಡೂ ತಲೆನೋವು.

ಅದಕ್ಕೇ ನಾನು ಹೇಳುವುದು, ಹೆಸರನ್ನು ಧಾರಾಳವಾಗಿ ಕೊಡಿ, ಹಕ್ಕನ್ನು ಒಂದು ಕಡೆ ಸೇರಿಸಿ. ನೀವು, ನಿಮ್ಮ ಗೆಳೆಯ, ಇಬ್ಬರು ನಟರು, ರಿಹರ್ಸಲ್‌ನಲ್ಲಿ ಬಾಯಿ ತೆರೆದ ಉಳಿದ ನಟರು, ಎಲ್ಲರೂ ತಮ್ಮ ಬರಹದ ಕೊಡುಗೆಯ ಹಕ್ಕನ್ನು ಚಿತ್ರದ ನಿರ್ಮಾಣ ಸಂಸ್ಥೆಗೆ ಬರೆದುಕೊಡಬೇಕು. ಅದಕ್ಕೆ ಬದಲಾಗಿ ಯಾರಿಗೆ ಯಾವ ಹೆಸರು, ಎಷ್ಟು ಹಣ ಎಂಬುದು ಅದೇ ಕಾಗದದಲ್ಲಿ ಇರಬೇಕು. ಭಾರತ, ಬ್ರಿಟನ್, ಅಮೆರಿಕ ಮೂರರಲ್ಲೂ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಬಾಯಿಮಾತಿಗೆ, ಚಾಟ್‌ನಲ್ಲಿ ಹಾಕಿದ ಹೆಬ್ಬೆರಳಿನ ಇಮೋಜಿಗೆ ಭರವಸೆ ಇಡಬೇಡಿ. ಎರಡನೇ ಭಾಗ ಬಂದರೆ ನರ್ಸ್ ಪಾತ್ರ ಬಳಸಿದ್ದಕ್ಕೆ ಅವಳಿಗೆ ಏನು ಸಿಗಬೇಕು ಎಂಬುದನ್ನೂ ಈಗಲೇ ಬರೆಯಿರಿ. ಶಾಡೋಸ್ ಚಿತ್ರದ ಪೊಲೀಸ್ ಪಾತ್ರಗಳಿಂದ 2018ರಲ್ಲಿ ಒಂದು ಟಿವಿ ಸರಣಿ ಹುಟ್ಟಿತು, 2019ರಲ್ಲಿ ಅಮೆರಿಕದಲ್ಲಿ ಶುರುವಾದ ಇನ್ನೊಂದು 2024ರವರೆಗೆ ನಡೆಯಿತು. ಸಣ್ಣ ವ್ಯಾಂಪೈರ್ ಕಾಮಿಡಿ ಎಲ್ಲಿಗೆ ಬೆಳೆಯುತ್ತದೆ ಎಂದು ಎಡಿಟಿಂಗ್ ಟೇಬಲ್ ಮುಂದೆ ಕೂತು ಹೇಳಲಾಗದು.

ಹಣದ ಬಗ್ಗೆ ಒಂದೇ ಮುಖ್ಯ ಮಾತು. 'ಲಾಭದಲ್ಲಿ ಪಾಲು' ಎಂದರೆ ಏನೂ ಅಲ್ಲ, ಲಾಭ ಎಂದರೇನು ಎಂದು ಬರೆಯುವವರೆಗೆ. ಸ್ಪೈನಲ್ ಟ್ಯಾಪ್‌ನ ಹ್ಯಾರಿ ಶಿಯರರ್ 2016ರಲ್ಲಿ ಕೋರ್ಟಿಗೆ ಹೋದರು. ಉಳಿದ ಮೂವರೂ ಆಮೇಲೆ ಸೇರಿಕೊಂಡರು. ಚಿತ್ರಕ್ಕೆ ಸಂಬಂಧಿಸಿದ ವಸ್ತುಗಳ ಮಾರಾಟದಿಂದ 1984ರಿಂದ 2006ರವರೆಗೆ ನಾಲ್ವರು ಸೃಷ್ಟಿಕರ್ತರ ಪಾಲಿಗೆ ಬಂದದ್ದು 81 ಡಾಲರ್, 1989ರಿಂದ 2006ರವರೆಗೆ ಹಾಡುಗಳ ಮಾರಾಟದಿಂದ 98 ಡಾಲರ್ ಎಂದು ಲೆಕ್ಕ ತೋರಿಸಲಾಗಿದೆ ಎಂಬುದು ಅವರ ದೂರು. ಕೊನೆಗೆ ರಾಜಿಯಾಯಿತು. ಜಗತ್ತೇ ನೋಡಿದ ಚಿತ್ರದ ಗತಿ ಇದು. ಖರ್ಚು ಕಳೆದು ಉಳಿದದ್ದು ಎಂದು ಬರೆದರೆ ಖರ್ಚಿಗೆ ಕೊನೆಯೇ ಇರುವುದಿಲ್ಲ. ನಿಮ್ಮ ಕಾಗದದಲ್ಲಿ ಹಣ ಬಂದ ಕೂಡಲೇ ಯಾವ ಸಾಲಿನಲ್ಲಿ ಹಂಚಿಕೆ ಎಂದು ಬರೆಯಿರಿ. ಮೊದಲು ಕೈಯಿಂದ ಹಾಕಿದ ದುಡ್ಡು, ಬಿಲ್ ಇರುವಷ್ಟು ಮಾತ್ರ. ಆಮೇಲೆ ನಟರು ಮತ್ತು ತಂತ್ರಜ್ಞರಿಗೆ ಬಾಕಿ ಇಟ್ಟ ಸಂಬಳ, ಒಬ್ಬೊಬ್ಬರಿಗೂ ನಿಗದಿಯಾದ ಮೊತ್ತ. ಅದರ ಮೇಲೆ ಬಂದದ್ದರಲ್ಲಿ ಪಾಲು. ಆರು ತಿಂಗಳಿಗೊಮ್ಮೆ ಲೆಕ್ಕ, ಕೇಳಿದವರಿಗೆ ಬ್ಯಾಂಕ್ ಪಟ್ಟಿ ನೋಡುವ ಹಕ್ಕು. ಇದು ಅಪನಂಬಿಕೆ ಅಲ್ಲ. ಹಣ ಬಾರದಿದ್ದಾಗ, ನಿಜವಾಗಿಯೂ ಬಂದಿಲ್ಲ ಎಂದು ನಿಮ್ಮ ಗೆಳೆಯರು ನಂಬಲು ಇದೇ ಆಧಾರ. ಸಣ್ಣ ಚಿತ್ರಗಳಿಗೆ ಹೆಚ್ಚು ಸಲ ಬರುವುದು ಆ ದಿನವೇ.

ಇನ್ನು ಡ್ರಾಕುಲಾ. ಇದರಲ್ಲಿ ನಿಮಗೆ ನೆಮ್ಮದಿಯ ಸುದ್ದಿ ಜಾಸ್ತಿ ಇದೆ. ಬ್ರಾಮ್ ಸ್ಟೋಕರ್ ಅವರ 'ಡ್ರಾಕುಲಾ' ಕಾದಂಬರಿ ಬಂದದ್ದು 1897ರಲ್ಲಿ. ಅವರು ತೀರಿಕೊಂಡದ್ದು 1912ರಲ್ಲಿ. ಲೇಖಕರ ನಿಧನದ ನಂತರ 70 ವರ್ಷ ಎಂದು ಲೆಕ್ಕ ಹಾಕುವ ದೇಶಗಳಲ್ಲೂ ಹಕ್ಕು ಮುಗಿದು ದಶಕಗಳಾಗಿವೆ. ಡ್ರಾಕುಲಾ ಎಂಬ ಹೆಸರು, ಆ ಕಾದಂಬರಿಯ ಪಾತ್ರ, ಕನ್ನಡಿಯಲ್ಲಿ ಕಾಣದಿರುವುದು, ಕರೆಯದೆ ಒಳಗೆ ಬಾರದಿರುವುದು, ಎಲ್ಲ ಈಗ ಎಲ್ಲರದ್ದು. ಹೆಸರು ಬದಲಾಯಿಸಿದರೆ ಸಾಕು, ಯಾವುದನ್ನು ಬೇಕಾದರೂ ತೆಗೆದುಕೊಳ್ಳಬಹುದು ಎಂಬ ನಂಬಿಕೆ ಮಾತ್ರ ಹಿಂದೆಯೂ ತಪ್ಪು, ಇಂದೂ ತಪ್ಪು. 1922ರ ಜರ್ಮನ್ ಚಿತ್ರ 'ನೋಸ್ಫೆರಾಟು' ಅದನ್ನೇ ಮಾಡಿತು. ಡ್ರಾಕುಲಾ ಓರ್ಲಾಕ್ ಆದ, ಕಥೆ ಹಾಗೇ ಉಳಿಯಿತು. ಆಗ ಕಾದಂಬರಿಗೆ ಹಕ್ಕು ಇತ್ತು. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಮೊಕದ್ದಮೆ ಹೂಡಿ ಗೆದ್ದರು. 1925ರಲ್ಲಿ ಚಿತ್ರದ ಪ್ರತಿಗಳನ್ನು ನಾಶಮಾಡಲು ನ್ಯಾಯಾಲಯ ಆದೇಶಿಸಿತು. ಅಲ್ಲಲ್ಲಿ ಉಳಿದ ಪ್ರತಿಗಳಿಂದಲೇ ನಾವು ಇಂದು ಅದನ್ನು ನೋಡುತ್ತಿರುವುದು. ಬಿಸಿಲು ಬಿದ್ದರೆ ವ್ಯಾಂಪೈರ್ ಸಾಯುತ್ತಾನೆ ಎಂಬುದು ಆ ಚಿತ್ರದಿಂದ ಬಂದದ್ದು. ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕಡಿಮೆ. ಹಾಗಂತ ನಿಮ್ಮ ಕಥೆಯ ರಾತ್ರಿ ಕ್ಲಿನಿಕ್‌ಗೆ ತೊಂದರೆಯಿಲ್ಲ. ಅದು ಕಲ್ಪನೆ. ಕಲ್ಪನೆಗೆ ಹಕ್ಕಿಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಹಕ್ಕು. ವ್ಯಾಂಪೈರ್ ಕಾಮಿಡಿಗಳು ಈಗಾಗಲೇ ಬಂದಿವೆ ಎಂಬ ಅಳುಕು ಇದ್ದರೆ ಅದನ್ನೂ ಇಲ್ಲೇ ಬಿಡಿ.

ಜಾಗ್ರತೆ ಬೇಕಾದದ್ದು ನಿಲುವಂಗಿಯಲ್ಲಿ. ಕರಿ ಬಟ್ಟೆ ಯಾರ ಆಸ್ತಿಯೂ ಅಲ್ಲ. ಆದರೆ ಹಿಂದಕ್ಕೆ ಬಾಚಿದ ಕೂದಲು, ಕೊರಳಿನ ಪದಕ, ಎಳೆದೆಳೆದು ಆಡುವ ಇಂಗ್ಲಿಷ್, ಇವೆಲ್ಲ ಒಟ್ಟಿಗೆ ಸೇರಿದರೆ ಅದು 1931ರ ಯೂನಿವರ್ಸಲ್ ಸ್ಟುಡಿಯೊದ 'ಡ್ರಾಕುಲಾ' ಚಿತ್ರದ ನಟ ಬೆಲಾ ಲುಗೋಸಿ ಆಗುತ್ತದೆ. ಆ ಚಿತ್ರಕ್ಕೆ ಅಮೆರಿಕದಲ್ಲಿ 2026ರ ಕೊನೆಯವರೆಗೆ ಹಕ್ಕು ಇದೆ. ಲುಗೋಸಿ ಅವರ ಮುಖದ ಹೋಲಿಕೆ ಯಾರದ್ದು ಎಂದು ಅವರ ಕುಟುಂಬವೂ ಸ್ಟುಡಿಯೊವೂ ಕೋರ್ಟಿನಲ್ಲಿ ಹೋರಾಡಿದ್ದವು. 1979ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಕುಟುಂಬದ ವಿರುದ್ಧ ತೀರ್ಪು ಕೊಟ್ಟಿತು. ಮುಂದೆ ಅಲ್ಲಿನ ಕಾನೂನೇ ಬದಲಾಗಿ, ತೀರಿಕೊಂಡ ಪ್ರಸಿದ್ಧರ ಹೋಲಿಕೆಗೂ ರಕ್ಷಣೆ ಬಂತು. ನಿಮ್ಮ ಪೋಸ್ಟರ್ ನೋಡಿದವರಿಗೆ ಲುಗೋಸಿ ನೆನಪಾಗುವಂತಿದ್ದರೆ ಪೋಸ್ಟರ್ ಬದಲಾಯಿಸಿ. ಸಿನಿಮಾ ಒಳಗಿನ ನಿಲುವಂಗಿ ಇರಲಿ.

ಕೊನೆಗೆ ಡಬ್ಬಿಂಗ್. ನಟ ಬರುತ್ತಿಲ್ಲ, ಬೇರೆಯವರ ದನಿ ಹಾಕಿಸೋಣ ಎಂಬ ಯೋಚನೆ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ದಯವಿಟ್ಟು ಬೇಡ. ಕಾಮಿಡಿಯಲ್ಲಿ ಟೈಮಿಂಗ್ ಇರುವುದು ದನಿಯಲ್ಲೇ. ಅವನು ಹುಟ್ಟಿಸಿದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಿದರೆ ಜಗಳ ಹೆಸರಿನಿಂದ ಅವಮಾನಕ್ಕೆ ಏರುತ್ತದೆ. ಅಭಿನಯವನ್ನು ತಿರುಚಿದ್ದಾರೆ ಎಂದು ಅವನು ಆಕ್ಷೇಪಿಸಲು ಕೆಲವು ದೇಶಗಳ ಕಾನೂನಿನಲ್ಲಿ ಅವಕಾಶವೂ ಇದೆ. ಅವನೇ ಬಂದಾಗ ಕೃತಕ ಹಲ್ಲು ತೆಗೆದು ಡಬ್ ಮಾಡಿಸಿ. ಆದರೆ ಪ್ರತಿ ದೃಶ್ಯಕ್ಕೆ ಮುಂಚೆ ಒಮ್ಮೆ ಹಲ್ಲು ಹಾಕಿಕೊಂಡು ಹೇಳಿಸಿ, ತುಟಿಯ ವೇಗ ಆಗ ಸಿಗುತ್ತದೆ. ಸ, ಶ, ಚ ಬರುವ ಸಾಲುಗಳೇ ಹೆಚ್ಚು ಕೆಟ್ಟಿರುತ್ತವೆ, ಅವನ್ನು ಮೊದಲು ಮುಗಿಸಿ. ಮರುಶೂಟಿಂಗ್ ಏನಾದರೂ ಉಳಿದಿದ್ದರೆ ಬಾಯಿ ತೆರೆದು ತೋರಿಸುವ ಶಾಟ್‌ಗೆ ಮಾತ್ರ ಹಲ್ಲು ಸಾಕು. 1931ರ ಚಿತ್ರದಲ್ಲಿ ಲುಗೋಸಿಗೆ ಕೋರೆಹಲ್ಲು ಇರಲೇ ಇಲ್ಲ, ಆದರೂ ಜನ ಹೆದರಿದರು.

ಅವನನ್ನು ಕರೆಯುವಾಗ 'ಡಬ್ಬಿಂಗ್‌ಗೆ ಬಾ' ಎನ್ನಬೇಡಿ. ಎರಡು ಸ್ಕ್ರಿಪ್ಟ್ ಪಕ್ಕದಲ್ಲಿಟ್ಟು ಬಣ್ಣ ಹಾಕಲು ಕರೆಯಿರಿ. ನರ್ಸ್ ಪಾತ್ರದವಳನ್ನೂ ಅದೇ ದಿನ ಕರೆಯಿರಿ. ಆ ದಿನ ಯಾರೂ ಸಹಿ ಹಾಕುವುದು ಬೇಡ, ಒಪ್ಪಿದ್ದನ್ನು ಬರೆದುಕೊಂಡರೆ ಸಾಕು. ಆಮೇಲೆ ಸಿನಿಮಾ ಒಪ್ಪಂದ ಗೊತ್ತಿರುವ ವಕೀಲರಿಂದ ಕಾಗದ ಮಾಡಿಸಿ. ನಟರು ಅದನ್ನು ಮನೆಗೆ ಒಯ್ದು, ಬೇಕಾದರೆ ತಮ್ಮ ವಕೀಲರಿಗೆ ತೋರಿಸಿ ಬರಲಿ. ಅದಕ್ಕೆ ಸಮಯ ಬೇಕು ಎಂದು ವಿತರಕರಿಗೆ ಈಗಲೇ ನೇರವಾಗಿ ತಿಳಿಸಿ. ಕಾಗದ ಸಿದ್ಧವಾಗುತ್ತಿದೆ, ಇಂಥ ತಾರೀಖಿಗೆ ಕೊಡುತ್ತೇವೆ ಎಂದರೆ ಅವರು ಕಾಯುತ್ತಾರೆ. ಎಲ್ಲ ಇದೆ ಎಂದು ಹೇಳಿ ಆಮೇಲೆ ಹುಡುಕಾಡುವವರನ್ನು ಅವರು ಎರಡನೇ ಸಲ ನಂಬುವುದಿಲ್ಲ.